ಹಸಿರು ಸೀರೆಯ ಕೌದಿ

“ಆ ಸೀರಿ ಕೂಸಿನ ಕೌದ್ಯಾಗ ಹಾಕಬ್ಯಾಡ್ರಿ ಸಿಸ್ಟರಮ್ಮ. ನನಗ ಕೊಟ್ಟುಬಿಡ್ರಿ.”

ಬೂದೆಮ್ಮ ಇಷ್ಟು ಹೇಳಿ ಕೈ ಚಾಚಿದಳು. ಕಣ್ಣು ರೇಣುಕಮ್ಮನ ತೊಡೆಯ ಮೇಲಿದ್ದ ಹಸಿರು ಸೀರೆಯನ್ನು ಬಿಟ್ಟು ಕದಲಲಿಲ್ಲ.

ರೇಣುಕಮ್ಮ ನಕ್ಕಳು. “ಚಂದ ಕಂಡದ್ದೆಲ್ಲಾ ನಿನಗ ಬೇಕೇನು? ಭಾಳ ಶಾಣ್ಯಾಕಿ ಬಿಡು ನೀ!”

ಗುಲ್ಶನ್ ಬೇಗಮರ ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರೆಲ್ಲ ನಕ್ಕರು. ಬೂದೆಮ್ಮ ನಗಲಿಲ್ಲ.

ಮಾನ್ವಿಯ ಆ ಓಣಿಯಲ್ಲಿ ಮಧ್ಯಾಹ್ನದ ಊಟ ಮುಗಿದು, ಬಿಸಿಲು ಬೀದಿನಾಯಿಗಳನ್ನೂ ಗೋಡೆಯ ನೆರಳಿಗೆ ಅಟ್ಟಿದ ಮೇಲೆ, ವಯಸ್ಸಾದ ಹೆಂಗಸರು ಸೂಜಿದಾರ ಹಿಡಿದು ಗುಲ್ಶನ್ ಬೇಗಮರ ಪಡಸಾಲೆಗೆ ಬಂದು ಸೇರುತ್ತಿದ್ದರು. ಬೇಗಮರು ದಿಂಬಿನ ಚೀಲಗಳ ಮೇಲೆ ಹೂವು ತೆಗೆಯುತ್ತಿದ್ದರು. ಉಳಿದವರದು ಕೌದಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಹೊಲಿಗೆ ಹಾಕುತ್ತ ಹೋಗುವುದು. ಕೈಗೆ ಕೆಲಸ, ಬಾಯಿಗೆ ಮಾತು, ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ.

ರೇಣುಕಮ್ಮ ಈ ಗುಂಪಿಗೆ ಹೊಸಬಳು. ಬಳ್ಳಾರಿ ಕಡೆ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿ ನಿವೃತ್ತಳಾಗಿ, ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಮಗ ಅಂಬರೇಶನ ಮನೆಗೆ ಬಂದು ಸೇರಿದ್ದಳು. ನೌಕರಿಯಲ್ಲಿದ್ದಾಗ ಒಂದು ಗುಂಡಿ ಹಚ್ಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಈಗ ಸೂಜಿ ಕೈಗೆ ಬಂದದ್ದೇ ತಡ, ಹುಚ್ಚು ಹಿಡಿದಂತಾಯಿತು. ಮೊದಲ ಸಾಲುಗಳು ಹಾವು ಹರಿದಂತೆ ಸೊಟ್ಟಗಿದ್ದವು. “ಜನರ ಚರ್ಮ ಹೊಲ್ದು ರೂಢಿ ಅದ, ಅರಿವಿ ಹೆಂಗ ಹೊಲೀಬೇಕ?” ಎಂದು ತಾನೇ ನಗುತ್ತಿದ್ದಳು. ಬರಬರುತ್ತ ಹೊಲಿಗೆ ಒಂದೇ ಅಳತೆಗೆ ಬಿದ್ದಿತು. ಬೆಳಿಗ್ಗೆ ಎದ್ದರೆ ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದೇ ಯೋಚನೆ. ಇಷ್ಟು ವರ್ಷ ಎಲ್ಲಿತ್ತು ಈ ಸುಖ ಎನ್ನಿಸುತ್ತಿತ್ತು.

ಸೊಸೆ ಶಿವಲೀಲಾ ತುಂಬಿದ ಬಸುರಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಇಲ್ಲೇ ಆಗಬೇಕಿತ್ತು. ಬರುವ ಮೊಮ್ಮಗುವಿಗೆ ತೊಟ್ಟಿಲ ಕೌದಿಯನ್ನು ತನ್ನ ಕೈಯಿಂದಲೇ ಹೊಲಿಯಬೇಕೆಂಬ ಹಟ ರೇಣುಕಮ್ಮನಿಗೆ. ಆದರೆ ಆ ಓಣಿಯ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು. ಕೂಸಿನ ಕೌದಿಯ ಒಳಪದರಕ್ಕೆ ಮನೆಯವರೋ ಗುರುತಿನವರೋ ಉಟ್ಟ ಬಟ್ಟೆ ಹಾಕಬೇಕು. ಗುರುತಿಲ್ಲದವರದು ಕೂಡದು. ಆ ಒಳಪದರಕ್ಕೆ ಅವರು ಕೌದಿಯ ಹೊಟ್ಟೆ ಎನ್ನುತ್ತಿದ್ದರು. ರೇಣುಕಮ್ಮನ ಬಳಿ ಇದ್ದವೆಲ್ಲ ಜಾರುವ ನೈಲಾನ್ ಸೀರೆಗಳು. ಮೆತ್ತನೆಯ ಹಳೇ ನೂಲಿನ ಸೀರೆ ಬೇಕಿತ್ತು. ಅಷ್ಟರಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಓಣಿಗೆ ಬಂದಳು. ಅವಳ ಗಂಟಿನಲ್ಲಿ ಈ ಹಸಿರು ಕಂಡಿತು. ಎಳೆ ಭತ್ತದ ಬಣ್ಣ. ಮುಟ್ಟಿದರೆ ಬೆಣ್ಣೆ. ಸೆರಗಿನ ಹತ್ತಿರ ಹರಿದಿದ್ದಲ್ಲಿ ಯಾರೋ ಹಳದಿ ದಾರದಿಂದ ನೀಟಾಗಿ ರಫು ಮಾಡಿದ್ದರು.

“ಎಲ್ಲೀದು ಇದು?” ಎಂದು ಕೇಳಿದ್ದಳು.

“ಮಲ್ಲಟದಾಗ ಒಂದು ಹಳೇ ಮನಿ ಕೆಡವಿದ್ರು ಯವ್ವಾ. ಟ್ರಂಕಿನಾಗ ಇದೊಂದೇ ಇತ್ತು. ಅವ್ರು ಕೈಲೇ ಮುಟ್ಲಿಲ್ಲ, ಕೋಲಿಲೆ ಎತ್ತಿ ಹಾಕಿದ್ರು.”

ಹಾಗೆ ಮನೆಗೆ ಬಂದ ಸೀರೆ ಅದು.

“ಸಿಸ್ಟರಮ್ಮ,” ಗುಲ್ಶನ್ ಬೇಗಮರು ಕನ್ನಡಕ ಮೇಲೇರಿಸಿ ಹೇಳಿದರು, “ಬೂದೆಮ್ಮ ಸುಮ್ನೆ ಅನ್ನಾಕಿ ಅಲ್ಲ. ಯಾರದೋ ಏನೋ ಕಪ್ಡಾ. ಬಿಡ್ರಿ, ನಂದೊಂದು ಹಳೇ ದುಪಟ್ಟಾ ಕೊಡ್ತೀನಿ.”

“ಬ್ಲೀಚಿಂಗ್ ಪುಡಿ ಹಾಕಿ ಕುದಿಸೀನಿ ಬೇಗಮ್ಮ. ಕಾಲರಾನೇ ಸಾಯ್ತದ ಅದ್ರಾಗ. ದೆವ್ವ ಉಳೀತದೇನು?”

ಮತ್ತೆ ನಗು. ಬೂದೆಮ್ಮ ತನ್ನ ಚೀಲ ಎತ್ತಿಕೊಂಡು ಎದ್ದುಹೋದಳು. ಅವಳು ದೇವದುರ್ಗದ ಕಡೆಯವಳು. ಗಂಡ ಸತ್ತಮೇಲೆ ಓಣಿಯ ಕೊನೆಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಮಕ್ಕಳಿಲ್ಲ. ಮಾತು ಕಡಿಮೆ. ಅವಳು ಹೋಗುವಾಗ ಹೊಸ್ತಿಲಲ್ಲಿ ನಿಂತು ಸೀರೆಯನ್ನು ಇನ್ನೊಮ್ಮೆ ನೋಡಿದ ಬಗೆ ರೇಣುಕಮ್ಮನಿಗೆ ಸರಿ ಕಾಣಲಿಲ್ಲ. ಆಸೆಯೋ, ಹೊಟ್ಟೆಕಿಚ್ಚೋ. ಏನೋ ಇದೆ ಇವಳೊಳಗೆ, ಅಂದುಕೊಂಡಳು.

ಹಸಿರು ಸೀರೆ ಕೌದಿಯ ಹೊಟ್ಟೆಗೆ ಹೋಯಿತು.

ಹೆಣ್ಣು ಕೂಸು ಹುಟ್ಟಿತು. ಕೆಂಪಗೆ, ಗುಂಡಗೆ, ಗಂಟಲು ಹರಿಯುವಂತೆ ಅಳುವ ಕೂಸು. ದವಾಖಾನೆಯಿಂದ ಮನೆಗೆ ಬಂದ ದಿನವೇ ರೇಣುಕಮ್ಮ ಅದನ್ನು ತೊಟ್ಟಿಲಲ್ಲಿ ಕೌದಿಯ ಮೇಲೆ ಮಲಗಿಸಿದಳು.

ಅಳು ನಿಂತಿತು.

“ನೋಡ್ದೇನವ್ವಾ ಶಿವಲೀಲಾ, ಅಜ್ಜಿ ಕೌದಿ ಗಮ್ಮತ್ತು!”

ಎಲ್ಲರಿಗೂ ಖುಷಿ. ಮರುದಿನವೂ ಕೂಸು ಅಳಲಿಲ್ಲ. ಅದರ ಮರುದಿನವೂ ಇಲ್ಲ. ಹಸಿವಿಗೂ ಇಲ್ಲ, ಒದ್ದೆಗೂ ಇಲ್ಲ. ತೊಟ್ಟಿಲಿನಿಂದ ಎತ್ತಿ ಎದೆಗೆ ಹಿಡಿದರೆ ಶಿವಲೀಲಾಳ ಮೊಲೆಯಿಂದ ಮುಖ ಹೊರಳಿಸುತ್ತಿತ್ತು. ಹಾಲು ತುಂಬಿ ಅವಳ ಎದೆ ಕಲ್ಲಾಗಿ ಜ್ವರ ಬಂತು. ಹಾಲು ಕುಡಿಯದ ಕೂಸಿನ ಬಾಯಂಚಿನಲ್ಲಿ ಮಾತ್ರ ಯಾವಾಗಲೂ ಹಾಲಿನ ಪಸೆ. ಒರೆಸಿದರೆ ಹುಳಿ ವಾಸನೆ. ಎಷ್ಟೋ ವರ್ಷ ಹಳೆಯದಾದ, ಮುಚ್ಚಿಟ್ಟ ಹಾಲಿನ ವಾಸನೆ.

ರಾಯಚೂರಿಗೆ ಕರೆದೊಯ್ದು ಮಕ್ಕಳ ಡಾಕ್ಟರಿಗೆ ತೋರಿಸಿದರು. ರಕ್ತ, ಎದೆ, ಎಲ್ಲ ನೋಡಿದರು. “ಕಾಯಿಲೆ ಏನೂ ಕಾಣಲ್ಲ. ತೂಕ ಮಾತ್ರ ಇಳೀತಿದೆ” ಎಂದರು ಡಾಕ್ಟರು. ಬಸ್ಸಿನಲ್ಲಿ, ಶಿವಲೀಲಾಳ ಮಡಿಲಲ್ಲಿ, ಕೂಸು ದಾರಿಯುದ್ದಕ್ಕೂ ಅತ್ತು ಹಾಲು ಕುಡಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಧೂಳು, ಗದ್ದಲ, ಅದಕ್ಕೇ ಅತ್ತಿತು ಅಂದುಕೊಂಡರು. ಮನೆಗೆ ಬಂದು ತೊಟ್ಟಿಲಿಗೆ ಹಾಕಿದರು. ಕೂಸು ಮತ್ತೆ ಸುಮ್ಮನಾಯಿತು.

ಇದರ ನಡುವೆ ಬೂದೆಮ್ಮ ದಿನವೂ ಬರತೊಡಗಿದಳು.

ಬಾಣಂತಿ ಸ್ನಾನ ಮುಗಿಸಿ ಮಲಗಿ, ರೇಣುಕಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹೊತ್ತಿಗೇ ಬರುತ್ತಿದ್ದಳು. “ಕೂಸಿನ ಮುಖ ನೋಡಿ ಹೋಗ್ತೀನ್ರಿ” ಎಂದು ಕೂಸನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ತೊಟ್ಟಿಲ ಪಕ್ಕ ಕೂರುತ್ತಿದ್ದಳು. ಅವಳು ಹೋದ ಗಳಿಗೆಗೆ ಕೂಸು ಕಿಟಾರನೆ ಕಿರುಚುತ್ತಿತ್ತು. ಮೈ ಕೆಂಪಾಗಿ, ಕೈಕಾಲು ಬಡಿದು, ತಾಯಿಯ ಎದೆಗೆ ಬಾಯಿ ಹಾಕಿ ಅಳುತ್ತಿತ್ತು.

ಅಷ್ಟು ಶಾಂತವಾಗಿದ್ದ ಕೂಸು ಇವಳು ಮುಟ್ಟಿ ಹೋದ ಮೇಲೇ ಯಾಕೆ ಅಳಬೇಕು? ರೇಣುಕಮ್ಮನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಮಾಟಮಂತ್ರವೆಂದರೆ ನಗುತ್ತಿದ್ದವಳೇ ಈಗ ಬೂದೆಮ್ಮನ ಉಗುರು ನೋಡತೊಡಗಿದಳು, ಅವಳ ಸೆರಗಿನ ತುದಿ ನೋಡತೊಡಗಿದಳು. ಅಡುಗೆಮನೆಯಿಂದ ಕಿವಿಗೊಟ್ಟರೆ ಒಂದು ಸದ್ದು ಕೇಳುತ್ತಿತ್ತು. ಸರ್... ಸರ್... ಅರಿವೆಯಿಂದ ದಾರ ಎಳೆಯುವ ಸದ್ದು.

ಒಂದು ಸಂಜೆ ತೊಟ್ಟಿಲ ಹಾಸಿಗೆ ಕೊಡವುವಾಗ ಕೌದಿಯಲ್ಲಿ ಒಂದು ಸಾಲು ಹೊಲಿಗೆ ಬಿಚ್ಚಿಹೋದದ್ದು ಕಂಡಿತು. ತನ್ನದೇ ಗಂಟು ಸಡಿಲಾಗಿರಬೇಕೆಂದು ಕೂತು ಮತ್ತೆ ಹೊಲಿದಳು. ಮರುದಿನ ಇನ್ನೊಂದು ಸಾಲು. ಅದನ್ನೂ ಹೊಲಿದಳು. ಅದರಾಚೆ ಮತ್ತೊಂದು. ಇಲಿ ಕಡಿದರೆ ಅರಿವೆ ಹರಿಯುತ್ತದೆ. ಇಲ್ಲಿ ಅರಿವೆಗೆ ಏನೂ ಆಗಿರಲಿಲ್ಲ. ಒಂದೊಂದೇ ಹೊಲಿಗೆಯನ್ನು ಸೂಜಿಮೊನೆಯಿಂದ ಎತ್ತಿ ಬಿಡಿಸಿದ್ದರು.

ಮರುದಿನ ಮಧ್ಯಾಹ್ನ ರೇಣುಕಮ್ಮ ನಲ್ಲಿ ಬಿಟ್ಟು, ಪಾತ್ರೆಯ ಸದ್ದು ಮಾಡುತ್ತಿರುವಂತೆ ತೋರಿಸಿ, ಬರಿಗಾಲಲ್ಲಿ ಬಂದು ಬಾಗಿಲ ಹಿಂದೆ ನಿಂತಳು.

ಬೂದೆಮ್ಮನ ಮಡಿಲಲ್ಲಿ ಕೂಸು. ಒಂದು ಕೈ ಕೂಸಿನ ಎದೆಯ ಮೇಲೆ. ಇನ್ನೊಂದು ಕೈಯಲ್ಲಿ ಸೂಜಿ. ತುಟಿ ಪಿಟಿಪಿಟಿ ಅಲುಗುತ್ತಿತ್ತು. ಬಿಡಿಸಿದ ದಾರವನ್ನು ಸೆರಗಿನ ತುದಿಗೆ ಸುತ್ತಿಕೊಳ್ಳುತ್ತಿದ್ದಳು.

“ಏನ್ ಮಾಡಾಕತ್ತೀ ಲೇ ಮಾಟಗಾತಿ!”

ಬೂದೆಮ್ಮ ಬೆಚ್ಚಿ ಎದ್ದಳು. ರೇಣುಕಮ್ಮ ಕೂಸನ್ನು ಕಸಿದುಕೊಂಡಳು. ಓಣಿಗೆ ಓಣಿಯೇ ಸೇರಿತು.

“ನಿನ್ನ ಮಡಿಲು ತುಂಬ್ಲಿಲ್ಲಂತ ನನ್ನ ಸೊಸಿ ಮಡಿಲಿಗೆ ಕಣ್ಣು ಹಾಕ್ತೀಯೇನು? ನನ್ನ ಹೊಲಿಗಿ ಬಿಚ್ಚಿ ದಾರ ಒಯ್ದು ಏನು ಮಾಡ್ತೀ? ಹೇಳು!”

“ಅಕ್ಕಾ, ಕೌದಿ ಬಿಚ್ಚಿ ಹಾಕ್ರಿ. ಇಷ್ಟೇ ಹೇಳ್ತೀನಿ. ಇನ್ನ ಹೆಚ್ಚಿಗಿ ಹೇಳಿದ್ರ ನೀವು ನಂಬಂಗಿಲ್ಲ.”

“ನಡೀ ಹೊರಗ! ಮತ್ತ ಹೊಸ್ತಿಲ ತುಳಿದ್ರ ಪೊಲೀಸ್ರಿಗೆ ಕೊಡ್ತೀನಿ.”

ಬೂದೆಮ್ಮ ಕೂಸಿನ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೊರಗೆ ನಡೆದಳು. ಯಾರೋ ಹಿಂದಿನಿಂದ ಥೂ ಎಂದರು.

ಆ ಸಂಜೆ ರೇಣುಕಮ್ಮ ಕೌದಿಯನ್ನು ಕಾಲ ಮೇಲೆ ಹರವಿಕೊಂಡು ಎರಡೆಳೆ ದಾರದಿಂದ ಬಿಗಿಯಾಗಿ ಹೊಲಿದಳು. ಬಿಚ್ಚಿದ್ದೆಲ್ಲ ಮುಚ್ಚಿದಳು. ಹಳೇ ಸಾಲುಗಳ ನಡುವೆ ಹೊಸ ಸಾಲು ಹಾಕಿದಳು. ಇನ್ನು ಯಾರು ಬಿಚ್ಚುತ್ತಾರೋ ನೋಡೇಬಿಡುತ್ತೇನೆ ಎಂದು ಪ್ರತಿ ಸಾಲಿನ ತುದಿಗೂ ಗಂಟು ಜಗ್ಗಿದಳು. ಹೊಲಿಯುತ್ತಿರುವಾಗ ತೊಡೆಯ ಮೇಲೆ ಕೌದಿ ಬೆಚ್ಚಗಾಯಿತು. ಮೇ ತಿಂಗಳ ಸೆಕೆ ಅಂದುಕೊಂಡಳು.

ಮರುದಿನ. ಮಟಮಟ ಮಧ್ಯಾಹ್ನ. ಅಂಬರೇಶ ಗಿರಣಿಯಲ್ಲಿ. ಶಿವಲೀಲಾ ಒಳಕೋಣೆಯಲ್ಲಿ ಜ್ವರದ ಮಾತ್ರೆ ನುಂಗಿ ಮೈಮರೆತು ನಿದ್ದೆಹೋಗಿದ್ದಳು. ಬಿಸಿಲು ಒಳಬಾರದಂತೆ ಕಿಟಕಿಗಳನ್ನೆಲ್ಲ ಹಾಕಿದ್ದರಿಂದ ನಡುಮನೆ ಕತ್ತಲೆ. ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು. ದೂರದ ಗಿರಣಿಯ ಗುಡುಗುಡು ಸಹ ನಿಂತಿತು.

ಆ ಮೌನದಲ್ಲಿ ಚಪ್ಪರಿಸುವ ಸದ್ದು ಕೇಳಿತು.

ಕೂಸು ಹಾಲು ಕುಡಿಯುವ ಸದ್ದು.

ರೇಣುಕಮ್ಮ ಒಳಕೋಣೆಗೆ ಇಣುಕಿದಳು. ಶಿವಲೀಲಾ ಒಬ್ಬಳೇ ಮಲಗಿದ್ದಳು. ಸದ್ದು ತೊಟ್ಟಿಲಿನಿಂದ ಬರುತ್ತಿತ್ತು. ಹುಳಿ ಹಾಲಿನ ವಾಸನೆ ಮೂಗಿಗೆ ಅಡರಿತು. ಜೊತೆಗೆ ಬಾಣಂತಿ ಕೋಣೆಯ ಹೊಗೆ, ಬಜೆ, ಬೆವರು. ತೊಟ್ಟಿಲು ತಾನೇ ತೂಗುತ್ತಿತ್ತು. ಹಗ್ಗ ಕಿರ್ ಕಿರ್ ಎನ್ನುತ್ತಿತ್ತು.

ಬಗ್ಗಿ ನೋಡಿದಳು.

ಕೂಸಿನ ಕಣ್ಣು ತೆರೆದಿತ್ತು. ತನಗೆ ತೀರ ಹತ್ತಿರ ಬಾಗಿದ ಯಾವುದೋ ಮುಖವನ್ನು ನೋಡುತ್ತಿತ್ತು. ಕೆನ್ನೆ ಬಿಳುಚಿತ್ತು. ತುಟಿ ನೀಲಿಗಟ್ಟುತ್ತಿತ್ತು. ಕೌದಿ ಉಸಿರಾಡುತ್ತಿತ್ತು. ಮೇಲೆ. ಕೆಳಗೆ. ಮೇಲೆ. ಅಂಚಿನೊಳಗೆ ಮಡಚಿ ಹೊಲಿದಿದ್ದ ಹಸಿರು ಎರಡೂ ಕಡೆಯಿಂದ ಹೊರಬಂದು ಕೂಸಿನ ಸೊಂಟದ ಮೇಲೆ ಬಿದ್ದಿತ್ತು. ಎರಡು ತೋಳುಗಳ ಹಾಗೆ.

ರೇಣುಕಮ್ಮ ಕೂಸನ್ನು ಎತ್ತಿದಳು. ಬರಲಿಲ್ಲ. ಜಗ್ಗಿದಳು. ಕೌದಿಯೂ ಎದ್ದು ಬಂತು. ಕಲ್ಲಿನ ಭಾರ. ಕತ್ತರಿ ತಂದಳು. ಕತ್ತರಿ ದಾರದ ಮೇಲೆ ಜಾರಿತು. ಮತ್ತೆ ಹಾಕಿದಳು. ಮತ್ತೆ ಜಾರಿತು. ಕೂಸಿನ ಉಸಿರು ತೆಳುವಾಯಿತು.

“ಬೇಗಮ್ಮಾ! ಯಾರರೇ ಬರ್ರಿ!”

ಗೋಡೆಯಾಚೆಯಿಂದ ಗುಲ್ಶನ್ ಬೇಗಮರು ಸೊಸೆ ಆತಿಯಾಳೊಂದಿಗೆ ಓಡಿಬಂದರು. ಬೇಗಮರು ತೊಟ್ಟಿಲು ನೋಡಿದರು. ಸೊಸೆಯ ಬೆನ್ನು ತಳ್ಳಿದರು. “ಬೂದೆಮ್ಮ ಬಸ್‌ಸ್ಟ್ಯಾಂಡಿಗೆ ಹೋದ್ಲು. ಊರು ಬಿಟ್ಟು ಹೊಂಟಾಳ, ದೇವದುರ್ಗದ ಬಸ್ಸು ಹತ್ತೋದ್ರಾಗ ಹಿಡಿ! ಆಟೋ ತೊಗೊ! ಜಲ್ದಿ!”

ಬೂದೆಮ್ಮ ಬಂದಾಗ ರೇಣುಕಮ್ಮ ಕೂಸಿನ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದಳು. ತಲೆ ಎತ್ತಿ ಕೈ ಮುಗಿದಳು. “ತಪ್ಪಾತವ್ವಾ. ನೀ ಮಾಡಿದ್ದು ನೀನೇ ತೆಗಿ. ಏನು ಬೇಕಾದ್ರೂ ಕೊಡ್ತೀನಿ.”

“ನಾ ಮಾಡಿದ್ದಲ್ರಿ ಅಕ್ಕಾ.” ಬೂದೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ಆ ಹಳದಿ ರಫು ನನ್ನ ಕೈದು. ಸೀರಿ ನನ್ನ ಮೈದುನನ ಹೆಂಡ್ತಿ ಹನುಮವ್ವಂದು. ಮಲ್ಲಟ ನನ್ನ ಗಂಡನ ಊರು. ಆಕಿ ಕೂಸು ಇದ ಸೀರ್ಯಾಗ ಸತ್ತಿತ್ತು. ಹುಚ್ಚಿ ಹಂಗ ಆಗಿ ದೇವದುರ್ಗದ ಕಡೆ ಯಾವನ ಹತ್ರಾನೋ ಹೋಗಿ ಮಾಟ ಕಟ್ಟಿಸ್ಕೊಂಡು ಬಂದ್ಲು. ಈ ಅರಿವಿ ಮ್ಯಾಲ ಮಲಗಿದ ಕೂಸು ತಂದೇ ಆಗ್ಬೇಕಂತ.” ಅವಳು ಉಸಿರೆಳೆದುಕೊಂಡಳು. “ನಾ ಅರಿಯದ ನನ್ನ ಕೂಸಿಗೆ ಹಾಸಿದೆ. ಗೊತ್ತಾಗೋದ್ರಾಗ ಮುಗದಿತ್ತು. ಆಮ್ಯಾಗ ಹನುಮವ್ವನೂ ಸತ್ಲು, ಈ ಅರಿವಿ ಬಿಟ್ಟು ಮಾತ್ರ ಹೋಗ್ಲಿಲ್ಲ.”

“ಮತ್ತ ಮೊದ್ಲೇ ಯಾಕ ಹೇಳ್ಲಿಲ್ಲ?”

“ಮಕ್ಕಳಿಲ್ಲದ ರಂಡಿಮುಂಡಿ ಕೂಸಿನ ಮಾಟದ ಮಾತಾಡಿದ್ರ ಜನ ಯಾರನ್ನ ಮಾಟಗಾತಿ ಅಂತಾರ್ರಿ?”

ರೇಣುಕಮ್ಮ ಮತ್ತೊಮ್ಮೆ ಕೂಸಿನ ಬಾಯಿಗೆ ಉಸಿರು ಊದಿದಳು.

“ನಾ ದಿನಾ ಒಂದು ಸಾಲು ಬಿಚ್ಚಿ ಆಕೀ ಹಿಡಿತ ಸಡ್ಲ ಮಾಡ್ತಿದ್ದೆ. ನೀವು ಸಂಜಿಗೆ ಮತ್ತ ಬಿಗೀತಿದ್ರಿ. ಈಗ ನನ್ನ ಕೈಲೆ ಆಗಂಗಿಲ್ಲ. ಹೊಲಿದ ಕೈನೇ ಪೂರಾ ಬಿಚ್ಚಬೇಕು. ಆದ್ರ ಕೇಳ್ರಿ. ಆಕೀ ಮಡಿಲಿಂದ ಕೂಸು ಕಸಗೊಂಡ ಕೈಯನ್ನ ಆಕಿ ಬಿಡಂಗಿಲ್ಲ. ಆ ಕೈ ಹಿಡ್ಕೊಂಡೇ ಇರ್ತಾಳ. ಆ ಕೈಲೆ ಈ ಕೂಸನ್ನ ಮತ್ತ ಮುಟ್ಟಿದ್ರ, ಆ ದಾರಿಯಿಂದನೇ ವಾಪಸ್ ಬರ್ತಾಳ. ಅಂದ್ರ, ಮುಟ್ಟಂಗಿಲ್ಲ. ಯಾವತ್ತೂ.”

ಕೂಸಿನ ಎದೆ ಒಮ್ಮೆ ಏರಿತು. ಇಳಿಯಿತು. ಮತ್ತೆ ಏರಲು ತಡಮಾಡಿತು.

ರೇಣುಕಮ್ಮ ಒಮ್ಮೆ ಬಗ್ಗಿ ಕೂಸಿನ ಅಂಗಾಲು ಹಿಡಿದಳು. ಹಣೆ ಸವರಿದಳು. ಬೆರಳುಗಳನ್ನು ಅದರ ಮುಷ್ಟಿಯೊಳಗಿಟ್ಟಳು. ಆಮೇಲೆ ಸೂಜಿ ತೆಗೆದುಕೊಂಡಳು.

ಮೊದಲ ಹೊಲಿಗೆ ಎತ್ತಿದಳು. ಬೆರಳಿಗೆ ಚುಚ್ಚಿತು. ಎರಡನೆಯದು ಎತ್ತಿದಳು. ಮತ್ತೆ ಚುಚ್ಚಿತು. ಎತ್ತಿದ ಪ್ರತಿ ಹೊಲಿಗೆಯೂ ಅವಳ ಬೆರಳಿನೊಳಗೆ ಒಂದು ಹೊಲಿಗೆ ಹಾಕಿ ಹೋಗುತ್ತಿತ್ತು. ರಕ್ತ ಬರಲಿಲ್ಲ. ತಣ್ಣಗಾಗುತ್ತಿತ್ತು ಅಷ್ಟೇ. ತಾನೇ ಜಗ್ಗಿ ಹಾಕಿದ ಗಂಟುಗಳು. ಹಲ್ಲಿನಿಂದ ಕಚ್ಚಿದಳು. ಬಾಯಿಗೆ ಹುಳಿ ಹಾಲು ಬಂತು. ಉಗುಳಿದಳು. ಮತ್ತೆ ಕಚ್ಚಿದಳು. ಕೌದಿ ನರಳಿತು. ಹೆಂಗಸೊಬ್ಬಳು ಬಾಯಿಗೆ ಸೆರಗು ತುರುಕಿಕೊಂಡು ಅಳುವಂಥ ದನಿ. ಬೇಗಮರು ಕಣ್ಣು ಮುಚ್ಚಿ ದುವಾ ಓದುತ್ತಿದ್ದರು. ಒಂದು ಸಾಲು ಹೋಯಿತು. ಇನ್ನೊಂದು. ಹಸಿರು ತೋಳು ಬಿಗಿಯಿತು. ಸೂಜಿ ಮುರಿಯಿತು. ಉಗುರಿನಿಂದ ಎಳೆದಳು. ಉಗುರು ಕಿತ್ತುಬಂತು. ಎಳೆದಳು. ಸರ್. ಸರ್. ಸರ್.

ಕೊನೆಯ ಎಳೆ ಬಂತು.

“ಎತ್ತವ್ವಾ!”

ಬೂದೆಮ್ಮ ಕೂಸನ್ನು ಎತ್ತಿಕೊಂಡಳು. ಮನೆಯ ಹಂಚು ಹಾರಿಹೋಗುವ ಹಾಗೆ ಕೂಸು ಕಿರುಚಿತು. ಆ ಅಳುವಿಗೆ ಶಿವಲೀಲಾ ಎಚ್ಚೆತ್ತು ಓಡಿಬಂದಳು. ಮಗಳನ್ನು ಎದೆಗೆ ಹಚ್ಚಿಕೊಂಡಳು. ಕೂಸು ಎರಡೂ ಕೈಯಿಂದ ಅವಳನ್ನು ಹಿಡಿದು ಗಟಗಟನೆ ಕುಡಿಯಿತು.

ಹಸಿರು ಸೀರೆಯನ್ನು ಅವತ್ತೇ ಬೂದೆಮ್ಮ ತುಂಗಭದ್ರೆಗೆ ಒಯ್ದು ಬಿಟ್ಟಳು. ಓಣಿಯವರು ಅವಳ ಕೋಣೆಯ ಮುಂದೆ ಬಂದು ಏನೇನೋ ಒಳ್ಳೆ ಮಾತಾಡಿದರು. ಅವಳು ಕೇಳಿಸಿಕೊಂಡಳು, ಅಷ್ಟೇ.

ರೇಣುಕಮ್ಮ ಈಗ ಆ ಕೋಣೆಯಲ್ಲಿ ಬೂದೆಮ್ಮನ ಜೊತೆಗಿದ್ದಾಳೆ. ಕಣ್ಣಾರೆ ಕಾಣದ ಅಂಬರೇಶ ಇದನ್ನೆಲ್ಲ ನಂಬಲಿಲ್ಲ. “ಮೊಮ್ಮಗಳನ್ನ ಮುಟ್ಟಂಗಿಲ್ಲಂದ್ರ ಏನವ್ವಾ? ಊರು ಏನಂತದ?” ಎಂದು ಕೂಗಾಡಿ ಮಾತು ಬಿಟ್ಟಿದ್ದಾನೆ. ಅವಳ ಬೆರಳಿಗೆ ಬಿಸಿ ತಿಳಿಯದು, ತಂಪು ತಿಳಿಯದು. ಸೂಜಿ ಹಿಡಿದರೆ ಎಲ್ಲಿ ಬೀಳುತ್ತದೋ ಗೊತ್ತಾಗದು. ಬೇಗಮರ ಪಡಸಾಲೆಗೆ ಹೋಗುತ್ತಾಳೆ, ಬಣ್ಣ ಹೇಳಿ ಕೊಡುತ್ತಾಳೆ, ಹೊಲಿಯುವುದಿಲ್ಲ.

ದಿನವೂ ಸಂಜೆ ಮಗನ ಮನೆಯ ಬಾಗಿಲವರೆಗೆ ಹೋಗಿ, ಹೊಸ್ತಿಲ ಹೊರಗೆ ನಿಂತು ಕೂಸನ್ನು ನೋಡಿ ಬರುತ್ತಾಳೆ. ನಿನ್ನೆಯೂ ಹೋಗಿದ್ದಳು. ಕೂಸು ಅಂಬೆಗಾಲಿಡುವಷ್ಟು ದೊಡ್ಡದಾಗಿದೆ. ಅಜ್ಜಿಯನ್ನು ಕಂಡದ್ದೇ ದಡದಡನೆ ಹೊಸ್ತಿಲತನಕ ಬಂತು. ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಿತು. ಎತ್ತಿಕೋ ಎಂದು ಎರಡೂ ಕೈ ಮೇಲೆತ್ತಿತು.

ರೇಣುಕಮ್ಮ ಕೈಗಳನ್ನು ಬೆನ್ನ ಹಿಂದೆ ಸೆರಗಿನಲ್ಲಿ ಸುತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆಟವೆಂದುಕೊಂಡು ಕೂಸು ಕಿಲಕಿಲ ನಕ್ಕಿತು. ಹೊಸ್ತಿಲಿನಿಂದ ಬಾಗಿ ಇನ್ನೂ ಮುಂದೆ ಚಾಚಿತು.

“ಶಿವಲೀಲಾ! ಕೂಸನ್ನ ಒಳಗ ತೊಗೊ! ಬಾಗ್ಲ ಹಾಕ್ಕೋ!”

ಯಾವುದೂ ತಿಳಿಯದ ಆ ಬೆರಳುಗಳಿಗೆ ಒಂದು ಮಾತ್ರ ತಿಳಿಯಿತು. ಸೆರಗಿನೊಳಗೆ, ಅವಳ ಬೆರಳ ಸಂದಿಗಳಲ್ಲಿ, ತಣ್ಣನೆಯ ಬೇರೆ ಬೆರಳುಗಳು ಬಿಗಿಯಾದವು. ಮೆಲ್ಲಗೆ, ಆಸೆಯಿಂದ, ಅವಳ ಕೈಗಳನ್ನು ಕೂಸಿನ ಕಡೆಗೆ ಎಳೆಯತೊಡಗಿದವು.